ಸೊಟ್ಟ ಸಾಲಿನ ಮನೆ

ತನ್ನ ಮನೆತನದ ಹೆಂಗಸೊಬ್ಬಳು ದಾರಿ ತಪ್ಪಿರಲಿ ಎಂದು ಮನಸಾರೆ ಹಾರೈಸಿದವಳು ಆ ವಂಶದಲ್ಲಿ ಅಕ್ಕನೊಬ್ಬಳೇ ಇರಬೇಕು. ಉಳಿದವರೆಲ್ಲ ಮಾನ ಉಳಿಸಿಕೊಳ್ಳುವುದರಲ್ಲೇ ಆಯುಸ್ಸು ಸವೆಸಿದವರು. ಅಕ್ಕನೂ ಮೊನ್ನೆ ಮೊನ್ನೆಯವರೆಗೆ ಹಾಗೆಯೇ ಇದ್ದಳು. ಎಲ್ಲ ತಲೆಕೆಳಗಾದದ್ದು ಡಾಕ್ಟರಮ್ಮ ಕೇಳಿದ ಒಂದು ಪ್ರಶ್ನೆಯಿಂದ.

ಅವಳನ್ನು ಅಕ್ಕ ಎನ್ನುತ್ತಿದ್ದವನು ತಮ್ಮನೊಬ್ಬನೇ ಅಲ್ಲ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳು ಬಟ್ಟೆ ಕತ್ತರಿಸುವ ಮೇಜಿನ ಮುಖ್ಯಸ್ಥೆ. ಒಂದರ ಮೇಲೊಂದು ಹಾಸಿದ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ವಿದ್ಯುತ್ ಕತ್ತರಿ ನಡೆಸುವ ಕೆಲಸ. ಗೆರೆ ಕೂದಲೆಳೆಯಷ್ಟು ಆಚೀಚೆಯಾದರೂ ಅಷ್ಟೂ ತೋಳುಗಳು ಚಿಂದಿ. ಅಲ್ಲಿ ಮಾಲೀಕನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವಳು ಅಕ್ಕನೇ. ವಯಸ್ಸಿನಲ್ಲಿ ಹಿರಿಯರಾದವರೂ ನಾಚಿಕೆಯಿಲ್ಲದೆ ಹಾಗೆಯೇ ಕರೆಯುತ್ತಿದ್ದರು.

ತಮ್ಮ ಕ್ರೇನ್ ಓಡಿಸುತ್ತಿದ್ದ. ಗೋದಾಮಿನ ಅಂಗಳದಲ್ಲಿ ಕಬ್ಬಿಣದ ತೊಲೆಗಳನ್ನು ಮಗುವನ್ನು ತೊಟ್ಟಿಲಿಗೆ ಇಳಿಸಿದಂತೆ ಇಳಿಸುತ್ತಿದ್ದ ಕೈ ಅವನದು. ಹೋದ ವರ್ಷದಿಂದ ಆ ಕೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಬೆರಳುಗಳು ತಮ್ಮಷ್ಟಕ್ಕೆ ಕುಣಿಯುತ್ತಿದ್ದವು. ಲೋಟ ಬಾಯಿಗೆ ಬರುವ ಮೊದಲೇ ಎದೆಯ ಮೇಲೆ ಚೆಲ್ಲುತ್ತಿತ್ತು. ನಡೆದರೆ ನೆಲವೇ ಅಲುಗುತ್ತಿದೆಯೇನೋ ಎಂಬಂತೆ ತೂರಾಡುತ್ತಿದ್ದ. ಕುಡಿದು ಕೆಲಸಕ್ಕೆ ಬರುತ್ತಾನೆ ಎಂದು ಮೇಲ್ವಿಚಾರಕ ಮನೆಗೆ ಕಳಿಸಿದ. ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟದವನಿಗೆ ಆ ಹೆಸರು ಬಂದದ್ದು ಕೈ ನಡುಕಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಆ ಮನೆಯಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಅದಕ್ಕೊಂದು ಕಾರಣವೂ ಇತ್ತು. ಅವರ ಮುತ್ತಜ್ಜ ಬೇಸಾಯದವನು. ಆ ಸುತ್ತಿನಲ್ಲೇ ಅಷ್ಟು ನೇರವಾಗಿ ನೇಗಿಲು ಹೊಡೆಯುವವನಿರಲಿಲ್ಲವಂತೆ. ಉಳುಮೆಯ ಪಂದ್ಯದಲ್ಲಿ ಗೆದ್ದ ಪ್ರಶಸ್ತಿ ಪತ್ರವೊಂದು ಕಟ್ಟು ಹಾಕಿಸಿಕೊಂಡು ಇಂದಿಗೂ ಅಕ್ಕನ ಗೋಡೆಯ ಮೇಲಿತ್ತು. ಆದರೆ ಆ ಮನೆಯವರನ್ನು ಊರು ಕರೆಯುತ್ತಿದ್ದದ್ದು 'ಸೊಟ್ಟ ಸಾಲಿನವರು' ಎಂದು. ಇವೆರಡನ್ನೂ ಕೂಡಿಸಿ ಮನೆಯ ಹಿರಿಯರು ಒಂದು ಕಥೆ ಹೆಣೆದಿದ್ದರು: ಬಹುಮಾನ ಬಂತು, ತಲೆಗೇರಿತು, ಹೆಂಡ ಹಿಡಿಯಿತು, ಸಾಲು ಸೊಟ್ಟಗಾಯಿತು, ಕಡೆಗೆ ಬುದ್ಧಿ ಕೆಟ್ಟು ಸತ್ತ. ಮಕ್ಕಳನ್ನು ಹೆದರಿಸಲು ಅದಕ್ಕಿಂತ ಒಳ್ಳೆಯ ಕಥೆ ಬೇಕಿರಲಿಲ್ಲ.

ಡಾಕ್ಟರಮ್ಮ ತಮ್ಮನನ್ನು ಗೆರೆಯ ಮೇಲೆ ನಡೆಸಿದರು, ನಾಲಿಗೆ ಹೊರಗೆ ಚಾಚಿಸಿದರು, ಬೆರಳು ಎಣಿಸಿದರು. ಆಮೇಲೆ ಅವನನ್ನು ಹೊರಗೆ ಕೂರಿಸಿ ಅಕ್ಕನನ್ನು ಮಾತ್ರ ಒಳಗೆ ಕರೆದರು.

"ಇದು ಎರಡರಲ್ಲಿ ಒಂದು," ಎಂದರು. "ಅವರಿಗೆ ಹಿಂದೆ ತಲೆಗೆ ಕಬ್ಬಿಣದ ಕೊಕ್ಕೆ ಬಡಿದಿತ್ತು ಅಂದ್ರಲ್ಲ, ಅದರಿಂದ ಆಗಿರಬಹುದು. ಹಾಗಿದ್ರೆ ಅವರೊಬ್ಬರ ಕಷ್ಟ ಅಷ್ಟೇ. ಇಲ್ಲಾಂದ್ರೆ ರಕ್ತದಲ್ಲಿ ಬರೋ ಕಾಯಿಲೆ. ನಲವತ್ತರ ಆಸುಪಾಸಿನಲ್ಲಿ ಶುರುವಾಗತ್ತೆ. ಮೊದಲು ಕೈಕಾಲು, ಆಮೇಲೆ ಬುದ್ಧಿ. ಮದ್ದಿಲ್ಲ."

"ರಕ್ತದಲ್ಲಿ ಅಂದ್ರೆ?"

"ಹೆತ್ತವರಲ್ಲಿ ಒಬ್ಬರಿಗಿದ್ರೆ ಮಕ್ಕಳಿಗೂ ಬರಬಹುದು, ಬಿಡಬಹುದು. ನಾಣ್ಯ ಚಿಮ್ಮಿದ ಹಾಗೆ. ಆದ್ರೆ ಒಂದು ತಲೆಮಾರು ಬಿಟ್ಟು ಇನ್ನೊಂದಕ್ಕೆ ಹಾರಲ್ಲ. ಎಲ್ಲಾದ್ರೂ ಒಂದು ಕಡೆ ಸರಪಳಿ ಕಡಿದಿದ್ರೆ ಅಲ್ಲಿಂದೀಚೆಗೆ ಎಲ್ಲರೂ ಬಚಾವ್. ರಕ್ತ ಪರೀಕ್ಷೆಗೆ ಕಳಿಸ್ತೀನಿ, ಉತ್ತರ ಬರೋಕೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ನೀವು ನೆನಪು ಮಾಡ್ಕೊಳ್ಳಿ. ನಿಮ್ಮ ಮನೇಲಿ ಹಿಂದೆ ಯಾರಾದ್ರೂ ಹೀಗೆ ತೂರಾಡ್ತಿದ್ರಾ?"

ಅಕ್ಕ ಹೆದರಿದಳು. ತಮ್ಮನಿಗಾಗಿ ಅಲ್ಲ, ತನಗಾಗಿಯೂ ಅಲ್ಲ. ಮಗಳು ಮೂರು ತಿಂಗಳ ಬಸುರಿ. ಐದು ವರ್ಷ ಆಸ್ಪತ್ರೆ ಸುತ್ತಿ, ಅತ್ತು ಕರೆದು, ಕೈಚೆಲ್ಲಿ ಕೂತ ಮೇಲೆ ನಿಂತ ಬಸಿರು. ಕಾಯಿಲೆ ರಕ್ತದ್ದೇ ಆಗಿದ್ದರೆ ಅವಳಿಗೆ ಹೇಳಲೇಬೇಕು, ಅದೂ ಈಗಲೇ, ಏನಾದರೂ ನಿರ್ಧರಿಸಲು ಹೊತ್ತು ಇರುವಾಗಲೇ. ತಿಂಗಳುಗಳ ನಂತರ ಬರುವ ಉತ್ತರ ಯಾರಿಗೆ ಬೇಕು? ರಕ್ತದ್ದಲ್ಲವೆಂದರೆ ಹೇಳುವ ಅಗತ್ಯವೇ ಇಲ್ಲ. ಹುಡುಗಿ ನೆಮ್ಮದಿಯಿಂದ ಹೆರಲಿ.

ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಾಯಿಯ ಕಡೆಯವರೆಲ್ಲ ಗಟ್ಟಿಮುಟ್ಟಾಗಿ ಮುಪ್ಪಿನವರೆಗೆ ಬದುಕಿದವರು. ಅಪ್ಪ ಕಟ್ಟಡದ ಅಟ್ಟಣಿಗೆಯಿಂದ ಬಿದ್ದು ಚಿಕ್ಕ ವಯಸ್ಸಿನಲ್ಲೇ ಹೋದ, ರೋಗ ತಲೆಯೆತ್ತುವ ವಯಸ್ಸನ್ನು ಅವನು ಕಾಣಲೇ ಇಲ್ಲ. ಅಜ್ಜ ಜ್ವರದಿಂದ ಸತ್ತ ಎಂದು ಎಲ್ಲರೂ ಹೇಳುತ್ತಿದ್ದರು. ಅವನಿಗಿಂತ ಹಿಂದೆ ಸೊಟ್ಟ ಸಾಲಿನ ಮುತ್ತಜ್ಜ. ಕುಡುಕ. ನಿಜವಾಗಿಯೂ ಕುಡುಕನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅಕ್ಕನಿಗೆ ಅನ್ನಿಸಿತು.

ಹೀಗೆ ಅಕ್ಕ ಹಳೆಯ ದಾಖಲೆಗಳ ಕಚೇರಿಗೆ ಅಲೆಯಲು ಶುರುಮಾಡಿದಳು. ಮಗಳಿಗೆ ಹೇಳಿದ್ದೇ ಬೇರೆ: "ಹುಟ್ಟೋ ಮಗೂಗೆ ವಂಶದ ಕಥೆ ಗೊತ್ತಿರಬೇಕಲ್ಲ, ಬರೆದಿಡೋಣ ಅಂತ." ಮಗಳು ಹಿಗ್ಗಿದಳು. "ಗಂಡಾದ್ರೆ ಮುತ್ತಜ್ಜನ ಹೆಸರೇ ಇಡೋಣ ಬಿಡಮ್ಮ. ಕುಡುಕ ಆದ್ರೇನು, ಪ್ರಶಸ್ತಿ ತಗೊಂಡವನು!" ಎಂದು ನಕ್ಕಳು. ಅಕ್ಕನೂ ನಕ್ಕಳು. ಆ ನಗು ನಗುವುದಕ್ಕೆ ಅವಳಿಗೆ ಎಷ್ಟು ಕಷ್ಟವಾಯಿತೆಂದು ಅವಳಿಗೇ ಗೊತ್ತು.

ದಾಖಲೆ ಕಚೇರಿ ಎಂದರೆ ನೆಲಮಾಳಿಗೆಯ ಉದ್ದನೆಯ ಕೋಣೆ. ಕಬ್ಬಿಣದ ಕಪಾಟುಗಳು, ಮಿಣುಕುವ ಟ್ಯೂಬ್‌ಲೈಟು, ಒದ್ದೆ ಗೋಣಿಚೀಲದ ವಾಸನೆ. ಅಲ್ಲಿನ ಗುಮಾಸ್ತನಿಗೆ ಬದುಕಿರುವವರನ್ನು ಕಂಡರಾಗದು. ಅರ್ಜಿ ಕೊಟ್ಟರೆ ಮೂಗು ಮುರಿಯುತ್ತಿದ್ದ. "ಎಲ್ಲರಿಗೂ ರಾಜನ ವಂಶದಲ್ಲಿ ಹುಟ್ಟಬೇಕು. ಹುಡುಕಿ ನೋಡಿದ್ರೆ ಕುರಿ ಕಳ್ಳ ಸಿಗ್ತಾನೆ. ಆಮೇಲೆ ನನ್ನ ಮೇಲೆ ರೇಗ್ತಾರೆ," ಎಂದು ಗೊಣಗುತ್ತ ಹಾಳೆಗಳ ಕಟ್ಟನ್ನು ಮೇಜಿನ ಮೇಲೆ ದೊಪ್ಪನೆ ಹಾಕುತ್ತಿದ್ದ. ಕುರಿ ಕಳ್ಳನೇ ಸಿಗಲಪ್ಪ ಎಂದುಕೊಂಡು ಅಕ್ಕ ಧೂಳು ಕೊಡವುತ್ತಿದ್ದಳು.

ರಜೆಯ ದಿನಗಳೆಲ್ಲ ಅಲ್ಲೇ ಕಳೆದವು. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯ ಹಾಳೆಗಳಲ್ಲಿ ಊರ ಹೆಸರು, ಮನೆ, ಯಜಮಾನ, ವಯಸ್ಸು, ಕಸುಬು. ಕಡೆಯ ಅಂಕಣದಲ್ಲಿ ಅಂಗವಿಕಲರೋ ಬುದ್ಧಿಭ್ರಮಣೆಯವರೋ ಇದ್ದರೆ ಅದು. ಮೊದಲ ಗಣತಿಯಲ್ಲಿ ಮುತ್ತಜ್ಜ ಸಿಕ್ಕ. ಮೂವತ್ತಾದರೂ ಮದುವೆಯಾಗದವನು, ಬೇಸಾಯ, ಸ್ವಂತ ಜಮೀನು, ಎರಡೆತ್ತು. ಕಡೆಯ ಅಂಕಣ ಖಾಲಿ. ಆ ಖಾಲಿ ಜಾಗವನ್ನು ಅಕ್ಕ ಬೆರಳಿನಿಂದ ಸವರಿದಳು. ಪಾಪ, ಆಗಿನ್ನೂ ನೇರ ಸಾಲು ಹೊಡೆಯುತ್ತಿದ್ದ ಕಾಲ. ಬೆಳಗಿನ ಜಾವದ ಮಂಜಿನಲ್ಲಿ ದೂರದ ಮರವೊಂದನ್ನು ಗುರಿಯಿಟ್ಟು, ತಿರುಗಿ ನೋಡದೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದನಂತೆ.

ಮುಂದಿನ ಗಣತಿಯ ಹಾಳೆಯಲ್ಲಿ ಅವನು ಆ ಮನೆಯಲ್ಲಿರಲಿಲ್ಲ. ಯಜಮಾನನ ಜಾಗದಲ್ಲಿ ಹೆಂಡತಿಯ ಹೆಸರಿತ್ತು. 'ಬೇಸಾಯ' ಎಂದು ಅವಳ ಮುಂದೆಯೇ ಬರೆದಿತ್ತು. ಮಕ್ಕಳಿಲ್ಲ. ಕೆಳಗಿನ ಸಾಲಿನಲ್ಲಿ 'ಉಳುಮೆಯ ಆಳು, ಮನೆಯಲ್ಲೇ ವಾಸ' ಎಂದು ಯಾವನೋ ಒಬ್ಬನ ಹೆಸರು. ಗಂಡ ಎಲ್ಲಿ? ಅಕ್ಕ ವಾರಗಟ್ಟಲೆ ಹುಡುಕಿದಳು. ಕಡೆಗೆ ಅವನು ಸಿಕ್ಕಿದ್ದು ಅದೇ ಗಣತಿಯಲ್ಲಿ, ಆದರೆ ದೂರದ ಪಟ್ಟಣದ ಹುಚ್ಚಾಸ್ಪತ್ರೆಯ ಪಟ್ಟಿಯಲ್ಲಿ. ಅದೇ ಹೆಸರು, ಅದೇ ಊರು. 'ರೈತ. ವಿವಾಹಿತ. ಬುದ್ಧಿಭ್ರಮಣೆ. ಕೈಕಾಲು ಸ್ತಿಮಿತವಿಲ್ಲ.'

ಅಕ್ಕ ತಲೆಯ ಮೇಲೆ ಕೈಹೊತ್ತು ಕೂತಳು. ಹೆಂಡವಲ್ಲ. ಯಾವ ಕಾಲದಲ್ಲೂ ಹೆಂಡವಾಗಿರಲಿಲ್ಲ. ತಮ್ಮನ ಕೈ, ತಮ್ಮನ ಕಾಲು ಆ ಹಳದಿ ಹಾಳೆಯ ಮೇಲೆ ನೂರು ವರ್ಷದಿಂದ ಬಿದ್ದುಕೊಂಡಿದ್ದವು. ಮನೆಯವರೆಲ್ಲ ಸೇರಿ ಒಬ್ಬ ರೋಗಿಷ್ಠನನ್ನು ಕುಡುಕನನ್ನಾಗಿ ಮಾಡಿ, ಮೂರು ತಲೆಮಾರು ಅವನ ಹೆಸರು ಹೇಳಿ ಹಲ್ಲು ಕಿರಿದಿದ್ದರು. ಅಕ್ಕನಿಗೆ ಅವರೆಲ್ಲರ ಮೇಲೂ ಕೆಟ್ಟ ಕೋಪ ಬಂತು. ಗುಮಾಸ್ತ ಕತ್ತು ಚಾಚಿ, "ಕುರಿ ಕಳ್ಳನಾ?" ಎಂದು ಕೇಳಿದ. ಅವಳ ಮುಖ ನೋಡಿ ತನ್ನ ಕಡತಕ್ಕೆ ತಲೆ ಬಗ್ಗಿಸಿದ.

ಅಕ್ಕ ಕೂತಲ್ಲೇ ಅಜ್ಜನ ಶಾಲೆಯ ದಾಖಲೆಯ ನಕಲನ್ನು ಚೀಲದಿಂದ ತೆಗೆದಳು. ಅದು ಮೊದಲೇ ಮನೆಯ ಟ್ರಂಕಿನಲ್ಲಿ ಸಿಕ್ಕಿತ್ತು. ಅಜ್ಜ ಹುಟ್ಟಿದ ವರ್ಷ ನೋಡಿದಳು. ಗಣತಿಯ ವರ್ಷ ನೋಡಿದಳು. ಮತ್ತೊಮ್ಮೆ ನೋಡಿದಳು.

ಅಜ್ಜ ಹುಟ್ಟಿದ್ದು ಆ ಗಣತಿಯ ಮರುವರ್ಷ.

ಗಂಡ ದೂರದ ಹುಚ್ಚಾಸ್ಪತ್ರೆಯಲ್ಲಿ. ಹೆಂಡತಿ ಹೊಲದ ಮನೆಯಲ್ಲಿ. ಜೊತೆಗೆ ಉಳುಮೆಯ ಆಳು, ಮನೆಯಲ್ಲೇ ವಾಸ. ಮರುವರ್ಷ ಮಗು. ಅಕ್ಕನ ಕಿವಿ ಬಿಸಿಯಾಯಿತು. ಒಳ್ಳೆಯ ಮನೆತನದ ಹೆಣ್ಣುಮಗಳು ತನ್ನ ಮುತ್ತಜ್ಜಿಯ ಬಗ್ಗೆ ಯೋಚಿಸಬಾರದ್ದನ್ನು ಅವಳು ಯೋಚಿಸಿದಳು, ಯೋಚಿಸಿ ಖುಷಿಪಟ್ಟಳು. ಅಜ್ಜ ಆ ಆಳಿನ ಮಗ! ಸರಪಳಿ ಅಲ್ಲೇ ಕಡಿದಿತ್ತು. ತಮ್ಮನದು ಕೊಕ್ಕೆಯ ಪೆಟ್ಟು, ಅಷ್ಟೇ. ಮಗಳು ಬಚಾವ್, ಮಗು ಬಚಾವ್. ಆ ಆಳಿನ ಹೆಸರಿನ ಮುಂದೆ ಬರೆದ ವಯಸ್ಸನ್ನೂ ನೋಡಿದಳು. ಮುತ್ತಜ್ಜನದೇ ವಯಸ್ಸು. ಪ್ರಾಯದವನೇ ಸರಿ ಎಂದುಕೊಂಡಳು. ಅದರಾಚಿನ ಗಣತಿಯಲ್ಲಿ ಮುತ್ತಜ್ಜಿ ವಿಧವೆ, ಪಕ್ಕದಲ್ಲಿ ಮಗ, ಆಳು ಇರಲಿಲ್ಲ. ಎಲ್ಲೋ ಹೊಟ್ಟೆಪಾಡಿಗೆ ಹೋಗಿರಬೇಕು. ಹೋಗಲಿ, ಪುಣ್ಯಾತ್ಮ, ಬಂದ ಕೆಲಸ ಮುಗಿಸಿಯೇ ಹೋಗಿದ್ದ. ಬಸ್ಸಿನಲ್ಲಿ ಕಿಟಕಿಗೆ ಮುಖವಿಟ್ಟು ಅಕ್ಕ ಕಣ್ಣೀರು ಬರುವಷ್ಟು ನಕ್ಕಳು. ಪಕ್ಕದವಳು ಚೀಲ ಎತ್ತಿಕೊಂಡು ಬೇರೆ ಸೀಟಿಗೆ ಹೋದಳು.

ಆದರೆ ಬರೀ ಲೆಕ್ಕಾಚಾರದ ಮೇಲೆ ಮಗಳ ಬಸಿರಿನ ವಿಷಯ ತೀರ್ಮಾನಿಸಲು ಮನಸ್ಸು ಒಪ್ಪಲಿಲ್ಲ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಎರಡು ಸಲ ಅಳೆಯುವ ಕೈ ಅದು. ಕೇಳುವುದಾದರೆ ಬದುಕಿರುವವರು ಒಬ್ಬರೇ. ಅತ್ತೆ, ಅಪ್ಪನ ದೊಡ್ಡಕ್ಕ.

ಅತ್ತೆಗೆ ಬಂಧುಬಳಗದಲ್ಲಿ 'ಹೈಕೋರ್ಟು' ಎಂದು ಹೆಸರು. ಅವಳು ಒಂದು ಮಾತು ಹೇಳಿದ ಮೇಲೆ ಮೇಲ್ಮನವಿ ಇರಲಿಲ್ಲ. ಎಂಬತ್ತೇಳರ ಮುದುಕಿ, ಬೆನ್ನು ಬಾಗಿಲ್ಲ, ಕೈಯಲ್ಲಿ ಸೂಜಿ ಹಿಡಿದರೆ ಕನ್ನಡಕವಿಲ್ಲದೆ ದಾರ ಪೋಣಿಸುತ್ತಾಳೆ. ಮೊಮ್ಮಗನ ಮನೆಯ ಎರಡನೇ ಮಹಡಿಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಬೀದಿಯ ನ್ಯಾಯವನ್ನೆಲ್ಲ ಮೇಲಿನಿಂದಲೇ ತೀರ್ಮಾನಿಸುತ್ತಿದ್ದಳು. ಅಕ್ಕ ಹೋದಾಗ ಹರಿದ ದಿಂಬಿನ ಚೀಲವೊಂದನ್ನು ಹೊಲಿಯುತ್ತಿದ್ದಳು.

"ತಮ್ಮ ಹೇಗಿದ್ದಾನೆ? ಆ ಪೆಟ್ಟಿನ ನೋವು ಹೋಯ್ತಾ?" ಎಂದು ಕೇಳಿದಳು. ಅವಳಿಗೆ ಮನೆಯವರು ಹೇಳಿದ್ದು ಅಷ್ಟೇ.

"ಹಾಗೇ ಇದೆ ಅತ್ತೆ," ಎಂದು ಅಕ್ಕ ಅವಳ ಕಾಲ ಹತ್ತಿರ ನೆಲದ ಮೇಲೆ ಕೂತಳು. ಸುತ್ತಿ ಬಳಸಿ ಮಾತಾಡಿದಳು. ಮೊಮ್ಮಗುವಿಗೆ ವಂಶದ ಕಥೆ ಬರೆದಿಡುವುದು, ಕಚೇರಿ, ಗುಮಾಸ್ತ, ಕುರಿ ಕಳ್ಳ. ಅತ್ತೆ ನಕ್ಕಳು. ಆಮೇಲೆ ಅಕ್ಕ ಹಾಳೆಯ ನಕಲುಗಳನ್ನು ತೆಗೆದು, ತಗ್ಗಿದ ದನಿಯಲ್ಲಿ ಹೇಳಿದಳು:

"ಅತ್ತೆ, ತಪ್ಪು ತಿಳ್ಕೋಬೇಡಿ. ಅಜ್ಜ ಹೊಟ್ಟೇಲಿದ್ದಾಗ ಮುತ್ತಜ್ಜ ಆಸ್ಪತ್ರೇಲಿದ್ದ. ಇಲ್ಲಿ ಬರೆದಿದೆ. ಮನೇಲಿ ಒಬ್ಬ ಆಳು ಇದ್ದ. ಅಜ್ಜ... ಅವನ ಮಗನಾ?"

ಅತ್ತೆಯ ಕೈಯ ಸೂಜಿ ನಿಂತಿತು.

"ಏನಂದೆ?"

"ನಂಗೆ ಬೇಜಾರಿಲ್ಲ ಅತ್ತೆ. ಆಗಿದ್ರೆ ಆಗಿರಲಿ. ನಿಜ ಗೊತ್ತಾಗಬೇಕು ಅಷ್ಟೇ. ಹೂಂ ಅಂದುಬಿಡಿ, ಸಾಕು."

"ಬಾಯಿ ಮುಚ್ಚು!" ಅತ್ತೆ ಸಿಡಿದಳು. "ಊರವರ ಬಾಯಲ್ಲಿ ಕೇಳಿ ಕೇಳಿ ನನ್ನ ಅಜ್ಜಿ ಸತ್ತಳು. ಈಗ ಅವಳ ಮರಿಮಗಳ ಬಾಯಲ್ಲೂ ಅದೇ ಬರಬೇಕಾ? ಸರ್ಕಾರದ ಕಾಗದ ತಂದಿದ್ದಾಳೆ ನಂಗೆ ತೋರ್ಸೋಕೆ! ಅವಳು ಹೇಳಿದ್ದನ್ನೇ ತಾನೇ ಆ ಎಣಿಸೋನು ಬರ್ಕೊಂಡು ಹೋಗಿದ್ದು?"

ಅಕ್ಕ ಹಾಳೆಯಲ್ಲಿ ಆಳಿನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದಳು.

"ಆಳು ಯಾರೂ ಇರಲಿಲ್ಲ ಕಣೇ. ಅವನೇ ಆಳು. ಅವಳ ಗಂಡ! ಆ ಆಸ್ಪತ್ರೇಲಿ ಅವನನ್ನ ಸರಪಳಿ ಹಾಕಿ ಕಟ್ಟಿದ್ರಂತೆ. ನೋಡೋಕೆ ಅಂತ ಹೋದವಳು ಕಾವಲಿನವನ ಕೈಗೆ ಕಿವಿಯೋಲೆ ಬಿಚ್ಚಿಕೊಟ್ಟು, ಹುಲ್ಲಿನ ಗಾಡಿಯಲ್ಲಿ ಮಲಗಿಸ್ಕೊಂಡು ಬಂದ್ಲು. ಗೊತ್ತಾದ್ರೆ ಮತ್ತೆ ಎಳ್ಕೊಂಡು ಹೋಗ್ತಾರಲ್ಲ, ಅದಕ್ಕೆ ಗಡ್ಡ ಬಿಡಿಸಿ, ಬೇರೆ ಹೆಸರಿಟ್ಟು, ಆಳು ಅಂತ ಹೇಳ್ಕೊಂಡ್ಲು. ಊರಿಂದ ದೂರ, ಹೊಲದಲ್ಲಿ ಮನೆ. ಯಾರೂ ಹತ್ತಿರ ಬರೋ ಹಾಗಿರಲಿಲ್ಲ."

"ಮತ್ತೆ ಆಸ್ಪತ್ರೆ ಪಟ್ಟೀಲಿ..."

"ಹೆಸರು ಇಟ್ಕೊಂಡಿದ್ರೆ ಅವನ ಪಾಲಿನ ಊಟ ಯಾರಿಗೋ ಆಗ್ತಿತ್ತು. ತೆಗೀತಾರಾ?" ಅತ್ತೆ ದಿಂಬಿನ ಚೀಲವನ್ನು ಪಕ್ಕಕ್ಕೆ ಎಸೆದಳು. ಅವಳ ಕೆನ್ನೆ ಕೆಂಪೇರಿತ್ತು. "ಉಳದೇ ಇದ್ರೆ ಅವನಿಗೆ ಅಳು ಬರ್ತಿತ್ತಂತೆ. ಕೈ ನಿಲ್ತಿರಲಿಲ್ಲ. ಅದಕ್ಕೆ ತನ್ನ ಸೆರಗು ಹರಿದು ಅವನ ಎರಡೂ ಕೈಗಳನ್ನ ನೇಗಿಲ ಹಿಡಿಗೆ ಕಟ್ತಿದ್ಲು. ತಾನು ಮುಂದೆ ಎತ್ತಿನ ಹಗ್ಗ ಹಿಡ್ಕೊಂಡು ನಡೀತಿದ್ಲು. ಸಾಲು ಸೊಟ್ಟ ಆಗದೇ ಇನ್ನೇನಾಗತ್ತೆ? ದಾರೀಲಿ ಹೋಗೋರು ನಿಂತು ನಗ್ತಿದ್ರು. ಆಳು ಕುಡುಕ ಅಂದ್ರು. ಬಸುರಾದಾಗ ಆಳಿಗೆ ಬಸುರಾದ್ಲು ಅಂದ್ರು. ಒಂದು ಮಾತು ತಿರುಗಿ ಆಡಲಿಲ್ಲ ಅವಳು. ಆಡಿದ್ರೆ ಅವನನ್ನ ಬಿಟ್ಟುಕೊಟ್ಟ ಹಾಗೆ. ಎಲ್ಲಾ ನುಂಗ್ಕೊಂಡ್ಲು. ಕಡೆಗೆ ಅವನು ಅವಳ ತೊಡೆ ಮೇಲೇ ಸತ್ತ."

ಅಕ್ಕನ ಕೈಯಲ್ಲಿದ್ದ ಹಾಳೆಗಳು ನೆಲಕ್ಕೆ ಜಾರಿದವು. ಒಬ್ಬನೇ ಮನುಷ್ಯ ಎರಡು ಕಡೆ ಎಣಿಕೆಗೆ ಸಿಕ್ಕಿದ್ದ. ಅದೇ ವಯಸ್ಸು. ಕಣ್ಣ ಮುಂದೆಯೇ ಬರೆದಿತ್ತು, ಬೇಕಾದ್ದನ್ನು ಮಾತ್ರ ಓದಿಕೊಂಡಿದ್ದಳು.

ಆದರೂ ಮುಳುಗುವವಳು ಕೈಗೆ ಸಿಕ್ಕಿದ್ದನ್ನು ಬಿಡುವುದಿಲ್ಲ. "ಅದು ಮುತ್ತಜ್ಜಿ ಹೇಳಿದ ಮಾತು ಅತ್ತೆ," ಎಂದಳು. "ಅವಳು ಇನ್ನೇನು ಹೇಳ್ತಾಳೆ? ಅಜ್ಜ ಅವನ ಮಗನೇ ಅನ್ನೋಕೆ ಯಾರು ಸಾಕ್ಷಿ? ಅಜ್ಜ ಜ್ವರದಲ್ಲಿ ಹೋದ್ರಲ್ಲ. ಅವರಿಗೆ ಈ ಕೈ ನಡುಕ, ಇದೆಲ್ಲ ಇರಲಿಲ್ಲವಲ್ಲ?"

ಅತ್ತೆ ಬಾಗಿಲ ಕಡೆ ನೋಡಿದಳು. ಮೊಮ್ಮಗನ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸದ್ದು ಬರುತ್ತಿತ್ತು. ಅತ್ತೆಯ ಮುಖದಲ್ಲಿ ಏನೋ ಹೊಯ್ದಾಡಿತು. ಎಪ್ಪತ್ತು ವರ್ಷದಿಂದ ಬಾಯಿಗೆ ಬೀಗ ಹಾಕಿ ಕಾದಿಟ್ಟದ್ದೊಂದು, ಈಗ ಅಜ್ಜಿಯ ಮೇಲೆ ಬಂದ ಕಳಂಕವೊಂದು. ಎರಡನ್ನೂ ತೂಗಿ ನೋಡಿದಳು. ಬೇಡ, ಹೇಳಬೇಡಿ ಎನ್ನುವಂತೆ ಅಕ್ಕ ಕೈಯೆತ್ತಿದಳು. ಆದರೆ ಹೈಕೋರ್ಟು ಆಗಲೇ ತೀರ್ಮಾನ ಮಾಡಿತ್ತು.

"ಜ್ವರ ಅಂತ ನಾವು ಹೇಳಿದ್ದು," ಎಂದಳು ಅತ್ತೆ, ಮೆಲ್ಲಗೆ. "ಮನೇಲಿ ಮದುವೆಗೆ ಬಂದ ನಾವು ಮೂರು ಜನ ಹೆಣ್ಣುಮಕ್ಕಳು. ಗೊತ್ತಾಗಿದ್ರೆ ಯಾರು ಕಟ್ಕೊತಿದ್ರು? ಅಮ್ಮ ಕದ ಹಾಕಿಬಿಟ್ಲು. ನಿಮ್ಮಪ್ಪ ಇನ್ನೂ ಕೂಸು, ಅವನಿಗೂ ಗೊತ್ತಿಲ್ಲ. ನಮ್ಮಪ್ಪ ನಾಲ್ಕು ವರ್ಷ ಒಳಮನೇಲಿದ್ದ. ನಾನೇ ತುತ್ತು ಮಾಡಿ ತಿನ್ನಿಸ್ತಿದ್ದೆ. ಬಾಯಿ ಒಂದು ಕಡೆ, ತಲೆ ಒಂದು ಕಡೆ ಹೋಗ್ತಿತ್ತು. ನಿಂತ್ರೆ ತೂರಾಡೋನು. ಬೆರಳು ಹೀಗೆ, ತಂಬೂರಿ ಮೀಟಿದ ಹಾಗೆ ಆಡ್ತಾನೇ ಇರ್ತಿತ್ತು."

ಅವಳು ತನ್ನ ಗಟ್ಟಿ ಬೆರಳುಗಳನ್ನು ಗಾಳಿಯಲ್ಲಿ ಆಡಿಸಿ ತೋರಿಸಿದಳು. ತಮ್ಮನ ಕೈ ಅದೇ ರೀತಿ ಆಡುವುದನ್ನು ಅಕ್ಕ ಆ ದಿನ ಬೆಳಿಗ್ಗೆಯಷ್ಟೇ ನೋಡಿ ಬಂದಿದ್ದಳು.

"ಅದು ಶುರುವಾದ ದಿನ ನನ್ನ ಅಜ್ಜಿ ಏನು ಮಾಡಿದ್ಲು ಗೊತ್ತಾ? ಮಗ ಅಂಗಳದಲ್ಲಿ ತೂರಾಡ್ಕೊಂಡು ಬಂದ. ಅವಳು ನಿಂತು ನೋಡಿದ್ಲು. ಕಣ್ಣಲ್ಲಿ ಧಾರೆ ಧಾರೆ ನೀರು. ಆದ್ರೆ ಸೆಟೆದು ನಿಂತಿದ್ಲು. 'ಈಗಲಾದ್ರೂ ಊರು ಬಂದು ನೋಡಲಿ, ಇವನು ಯಾರ ಮಗ ಅಂತ,' ಅಂದ್ಲು. ನಾನು ಈ ಕಿವೀಲಿ ಕೇಳಿದ್ದೀನಿ." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇದಕ್ಕಿಂತ ಸಾಕ್ಷಿ ಬೇಕೇನೇ ನಿಂಗೆ?"

ಬೇಡವಾಗಿತ್ತು. ಅಕ್ಕನಿಗೆ ಇನ್ನು ಯಾವ ಸಾಕ್ಷಿಯೂ ಬೇಡವಾಗಿತ್ತು. ಬೀದಿಯಲ್ಲಿ ತಳ್ಳುಗಾಡಿಯವನೊಬ್ಬ ಕೂಗುತ್ತಿದ್ದ. ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ನೆಲದ ಮೇಲೆ ಬಿದ್ದ ಹಾಳೆಗಳನ್ನು ಒಂದೊಂದಾಗಿ ಆಯ್ದು, ಅಂಚು ಕೂಡಿಸಿ, ಚೀಲಕ್ಕೆ ಹಾಕಿಕೊಂಡಳು. ಮುತ್ತಜ್ಜಿಯ ಕಾಲಿಗೆ ಬೀಳಬೇಕೆಂದೂ ಅನ್ನಿಸಿತು, ಅವಳನ್ನು ಹಿಡಿದು ಅಲುಗಾಡಿಸಿ ಯಾಕೆ ಕರೆದುಕೊಂಡು ಬಂದೆ, ಯಾಕೆ ಹೆತ್ತೆ ಎಂದು ಕೇಳಬೇಕೆಂದೂ ಅನ್ನಿಸಿತು. ಅಷ್ಟು ಪ್ರೀತಿಯನ್ನು ಅಷ್ಟು ದ್ವೇಷಿಸಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಅತ್ತೆಯ ಸಿಟ್ಟು ಇಳಿದಿತ್ತು. ಭಾರ ಇಳಿಸಿದವಳಂತೆ ಕುರ್ಚಿಗೆ ಒರಗಿ, ಅಕ್ಕನ ತಲೆಯ ಮೇಲೆ ಕೈಯಿಟ್ಟಳು.

"ನೀನು ಸಣ್ಣವಳು, ತಿಳೀದೆ ಕೇಳಿದೆ, ಹೋಗಲಿ ಬಿಡು," ಎಂದಳು. "ನಮ್ಮದು ಚೊಕ್ಕ ರಕ್ತ ಕಣೇ. ಒಂದು ಹನಿ ಬೆರಕೆ ಇಲ್ಲ. ಹೋಗಿ ನಿನ್ನ ಮಗಳಿಗೆ ಹೇಳು, ಧೈರ್ಯವಾಗಿ ಹೇಳು. ಅವಳ ಹೊಟ್ಟೇಲಿರೋದು ಯಾರ ಕುಡಿ ಅಂತ ಅವಳಿಗೂ ಗೊತ್ತಾಗಲಿ."

"ಹೇಳ್ತೀನಿ ಅತ್ತೆ."

ಮೆಟ್ಟಿಲು ಇಳಿಯುವಾಗ ಅಕ್ಕ ಕಟಕಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಕೆಳಗಿನ ತಿರುವಿನಲ್ಲಿ ನಿಂತು ಫೋನ್ ತೆಗೆದಳು. ಮಗಳು ಮೊದಲ ಗಂಟೆಗೇ ಎತ್ತಿದಳು. ಬಾಯಲ್ಲಿ ಏನೋ ಅಗಿಯುತ್ತಿದ್ದಳು. ವಾಂತಿ ನಿಂತ ಮೇಲೆ ಹೊಸದಾಗಿ ಶುರುವಾದ ಹಸಿವು ಅದು.

"ಅಮ್ಮಾ, ಹೈಕೋರ್ಟು ಏನಂತು? ಸಿಕ್ಕಿದನಾ ಮುತ್ತಜ್ಜ?"

"ಸಿಕ್ಕಿದ," ಎಂದಳು ಅಕ್ಕ. "ಎಲ್ಲೂ ಹೋಗಬೇಡ, ಮನೇಲೇ ಇರು. ನಾನು ಅಲ್ಲಿಗೇ ಬರ್ತಿದ್ದೀನಿ."